ಅಂಗೈ ಹಲಗೆಗೂ ಒಂದು ಕಾಯಕ



ಅಂಬಿಗರ ಚೌಡಯ್ಯನವರ ಕೈಯಲ್ಲಿ ಹುಟ್ಟು ಇದ್ದಿತು. ನುಲಿಯ ಚಂದಯ್ಯನವರ ಕೈಯಲ್ಲಿ ಹುಲ್ಲಿನ ಹಗ್ಗವಿದ್ದಿತು. ಮಡಿವಾಳ ಮಾಚಿದೇವರು ಬಟ್ಟೆಯ ಮೈಲಿಗೆಯನ್ನು ತೊಳೆದರು, ಮೇದಾರ ಕೇತಯ್ಯನವರು ಬಿದಿರನ್ನು ಸೀಳಿ ಬುಟ್ಟಿ ಹೆಣೆದರು. ಶರಣರ ಬಾಳಿನಲ್ಲಿ ಉಪಕರಣವೊಂದು ಸುಮ್ಮನೆ ಮೂಲೆಯಲ್ಲಿ ಬಿದ್ದಿರಲಿಲ್ಲ, ಅಲಂಕಾರಕ್ಕಾಗಿಯೂ ಇರಲಿಲ್ಲ. ಪ್ರತಿಯೊಂದಕ್ಕೂ ಅದರದೇ ಆದ ಕಾಯಕವಿದ್ದಿತು. ಈ ದೃಷ್ಟಿಯಿಂದ ಇಂದು ನಮ್ಮ ಮನೆಗಳನ್ನು ಹೊಕ್ಕಿರುವ ಒಂದು ವಸ್ತುವಿನ ಬಗ್ಗೆ ಈ ತಿಂಗಳು ವಿಚಾರಿಸಬೇಕೆಂದು ನಾವು ಸಂಕಲ್ಪಿಸಿದ್ದೇವೆ. ಅದುವೇ ಟ್ಯಾಬ್ಲೆಟ್ ಗಣಕಯಂತ್ರ.

ಐಪ್ಯಾಡ್ ಎಂಬ ಹೆಸರಿನಿಂದ 2010ರಲ್ಲಿ ಆಪಲ್ ಸಂಸ್ಥೆಯ ಸಾಧನವು ಬಂದ ಮೇಲೆ ಈ ಬಗೆಯ ಯಂತ್ರಗಳು ಲೋಕದಲ್ಲೆಲ್ಲ ಹರಡಿದವು. ಆಂಡ್ರಾಯ್ಡ್ ವ್ಯವಸ್ಥೆಯ ಟ್ಯಾಬ್ಲೆಟ್ಟುಗಳು ಕಡಿಮೆ ಬೆಲೆಗೂ ದೊರೆಯತೊಡಗಿದವು. ಬೆಂಗಳೂರಿನಲ್ಲಿಯೋ ಹೊರದೇಶದಲ್ಲಿಯೋ ಇರುವ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ತಂದೆತಾಯಿಗಳಿಗೆ ಇದನ್ನು ಕಾಣಿಕೆಯಾಗಿ ಕೊಟ್ಟು ಹೋಗುವುದು ಈಗ ಸಾಮಾನ್ಯ. ಮಕ್ಕಳು ಹೋದ ಮೇಲೆ ಅದು ಏನಾಗುತ್ತದೆ? ಮಧ್ಯಾಹ್ನ ಧಾರಾವಾಹಿ, ಸಂಜೆ ಯಾರೋ ಕಳುಹಿಸಿದ ಹಾಸ್ಯದ ತುಣುಕು, ರಾತ್ರಿ ಮೊಮ್ಮಕ್ಕಳ ಆಟ. ಇಷ್ಟರಲ್ಲಿಯೇ ಅದರ ಆಯುಷ್ಯ ತೀರಿ ಹೋಗುತ್ತದೆ.

ಟ್ಯಾಬ್ಲೆಟ್ ಎಂಬ ಇಂಗ್ಲಿಷ್ ಮಾತಿಗೆ ಮೂಲದಲ್ಲಿ ಬರೆಯುವ ಹಲಗೆ ಎಂದೇ ಅರ್ಥ. ನಾವು ಎಳವೆಯಲ್ಲಿ ಬಳಪದಿಂದ ಅಕ್ಷರ ತಿದ್ದಿದ ಪಾಟಿಯ ಕುಲಕ್ಕೆ ಸೇರಿದ್ದು ಇದು. ಬರೆಯುವ ಹಲಗೆಯು ಬರಿಯ ನೋಡುವ ಪೆಟ್ಟಿಗೆಯಾದುದೇ ನಮ್ಮ ಮನೆಗಳಲ್ಲಿ ನಡೆದಿರುವ ವಿಪರ್ಯಾಸ. ಇದನ್ನು ಮತ್ತೆ ಹಲಗೆಯನ್ನಾಗಿ ಮಾಡಿಕೊಳ್ಳುವುದು ಹೇಗೆ ಎಂಬುದೇ ನಮ್ಮ ಇಂದಿನ ವಿಷಯ. ಇದಕ್ಕೆ ಹೊಸದಾಗಿ ಏನನ್ನೂ ಕೊಳ್ಳಬೇಕಾಗಿಲ್ಲ. ಬೇಕಾದ ಸೌಲಭ್ಯಗಳಲ್ಲಿ ಬಹುಪಾಲು ಯಂತ್ರದೊಳಗೆ ಆಗಲೇ ಇವೆ. ಉಳಿದವು ಶುಲ್ಕವಿಲ್ಲದೆ ದೊರೆಯುತ್ತವೆ.

ಮೊದಲು ಕಣ್ಣಿಗೆ ಹಿತ

ಹಿರಿಯರು ಈ ಯಂತ್ರವನ್ನು ದೂರವಿಡಲು ಮುಖ್ಯ ಕಾರಣ ಅಜ್ಞಾನವಲ್ಲ, ಸಣ್ಣ ಅಕ್ಷರ. ಸೆಟ್ಟಿಂಗ್ಸ್ ಎಂಬ ವಿಭಾಗದಲ್ಲಿ ಡಿಸ್‌ಪ್ಲೇ ಎಂಬಲ್ಲಿಗೆ ಹೋದರೆ ಅಕ್ಷರದ ಗಾತ್ರವನ್ನು ಹಿಗ್ಗಿಸುವ ಒಂದು ಗೆರೆ ಕಾಣುತ್ತದೆ. ಅದನ್ನು ಬಲಕ್ಕೆ ಸರಿಸಿದರೆ ಸಾಕು. ಬೆಳಕನ್ನು ಕೋಣೆಯ ಬೆಳಕಿಗೆ ಸಮನಾಗಿ ತಗ್ಗಿಸಬೇಕು. ಯಂತ್ರವನ್ನು ಕೈಯಲ್ಲಿ ಹಿಡಿದು ಕುಳಿತರೆ ಕುತ್ತಿಗೆ ನೋಯುವುದು ಖಂಡಿತ. ಪುರಾಣ ಪ್ರವಚನಕಾರರು ಗ್ರಂಥವನ್ನು ವ್ಯಾಸಪೀಠದ ಮೇಲಿಟ್ಟು ಓದುವಂತೆ ಇದನ್ನೂ ಒಂದು ಓರೆ ಆಸರೆಯ ಮೇಲಿಟ್ಟು ಓದುವುದು ಉತ್ತಮ. ಮನೆಯಲ್ಲಿ ಮರದ ವ್ಯಾಸಪೀಠವಿದ್ದರೆ ಅದೇ ಸಾಕು.

ಎರಡನೆಯದಾಗಿ, ಕನ್ನಡ ಕೀಲಿಮಣೆಯನ್ನು ಸೇರಿಸಿಕೊಳ್ಳಬೇಕು. ಇದೂ ಸೆಟ್ಟಿಂಗ್ಸ್ ವಿಭಾಗದಲ್ಲಿಯೇ ಇದೆ. ಬೆರಳಿನಿಂದ ಅಕ್ಷರ ಒತ್ತುವುದು ಕಷ್ಟವೆನಿಸಿದವರು ಬಾಯಿಂದ ಹೇಳಿಯೂ ಬರೆಸಬಹುದು. ಗೂಗಲ್ ಸಂಸ್ಥೆಯು 2017ರಲ್ಲಿ ಕನ್ನಡವೂ ಸೇರಿ 8 ಭಾರತೀಯ ಭಾಷೆಗಳಿಗೆ ಈ ಸೌಲಭ್ಯವನ್ನು ಹೊಸದಾಗಿ ಒದಗಿಸಿತು. ಆಂಡ್ರಾಯ್ಡ್ ಯಂತ್ರಗಳಲ್ಲಿ ಜಿಬೋರ್ಡ್ ಎಂಬ ಕೀಲಿಮಣೆಯ ಮೇಲೆ ಮೈಕಿನ ಚಿತ್ರವಿರುತ್ತದೆ. ಅದನ್ನು ಒತ್ತಿ ನಿಧಾನವಾಗಿ, ಸ್ಪಷ್ಟವಾಗಿ ಮಾತನಾಡಿದರೆ ಮಾತು ಅಕ್ಷರವಾಗುತ್ತದೆ. ಆದರೆ ಹಳಗನ್ನಡದ ಮಾತು, ವಚನದ ಪಾರಿಭಾಷಿಕ ಪದ, ಊರ ಕಡೆಯ ಆಡುನುಡಿ ಬಂದಾಗ ಯಂತ್ರವು ತಡವರಿಸಿ ತನಗೆ ತಿಳಿದ ಬೇರೊಂದು ಪದವನ್ನು ಹಾಕಿಬಿಡುತ್ತದೆ. ಆದುದರಿಂದ ಹೇಳಿಸಿ ಬರೆಸಿದ್ದನ್ನು ಮತ್ತೊಮ್ಮೆ ಓದಿ ತಿದ್ದದೆ ಯಾರಿಗೂ ಕಳುಹಿಸಬಾರದು.

ಟ್ರಂಕಿನಲ್ಲಿರುವ ನಿಧಿ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ವಚನ ಸಾಹಿತ್ಯವು ನಮ್ಮ ಕೈಗೆ ಹೇಗೆ ಬಂದಿತೆಂಬುದನ್ನು ನೆನೆಯಬೇಕು. ಕಂಠದಿಂದ ತಾಳೆಗರಿಯ ಮೇಲೆ ಕೊರೆದು, ಮಸಿ ತೀಡಿ ಬರೆದ ಕಟ್ಟುಗಳು ಮಠಗಳಲ್ಲಿ ಮಾತ್ರವಲ್ಲದೆ ಸಾಮಾನ್ಯ ಭಕ್ತರ ಮನೆಗಳ ದೇವರ ಜಗುಲಿಯ ಮೇಲೆಯೂ ಉಳಿದುಕೊಂಡಿದ್ದವು. ವಿಜಯಪುರದಲ್ಲಿ ವಕೀಲಿ ಮಾಡುತ್ತಿದ್ದ ಫ. ಗು. ಹಳಕಟ್ಟಿಯವರು ಅಂತಹ ಕಟ್ಟುಗಳನ್ನು ಅರಸಿ, ಪ್ರತಿ ಮಾಡಿ, ಹೋಲಿಸಿ, 1923ರಲ್ಲಿ ‘ವಚನ ಶಾಸ್ತ್ರ ಸಾರ’ವನ್ನು ಪ್ರಕಟಿಸಿದರು. 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ಅವರೂ ಅವರ ಹಿಂದೆ ಬಂದ ವಿದ್ವಾಂಸರೂ ಪಟ್ಟ ಶ್ರಮದ ಫಲವಾಗಿ 1993ರಲ್ಲಿ ಕರ್ನಾಟಕ ಸರ್ಕಾರವು ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. ಆ ಮನೆಗಳವರು ಕಟ್ಟುಗಳನ್ನು ಒಲೆಗೆ ಹಾಕಿದ್ದರೆ, ಹಳಕಟ್ಟಿಯವರ ಕೈಗೆ ಕೊಡಲು ಏನು ಉಳಿದಿರುತ್ತಿತ್ತು?

ಈಗ ನಮ್ಮ ಮನೆಗಳನ್ನು ನೋಡಿಕೊಳ್ಳೋಣ. ತಾಳೆಗರಿ ಇಲ್ಲದಿರಬಹುದು. ಆದರೆ ಅಜ್ಜಿಯು ಹಾಡುಗಳನ್ನು ಬರೆದಿಟ್ಟುಕೊಂಡ ನೋಟುಪುಸ್ತಕವಿದೆ. ಅಜ್ಜನು ಭಜನೆಯ ಸಂಘಕ್ಕೆ ಬರೆದ ಲೆಕ್ಕದ ವಹಿಯಿದೆ. ಮದುವೆಯ ಲಗ್ನಪತ್ರಿಕೆ, ಲಿಂಗೈಕ್ಯರಾದವರ ಭಾವಚಿತ್ರ, ಹೊಲದ ಕ್ರಯಪತ್ರ, ಹಿಸ್ಸೆಯ ಕಾಗದ, ಮಠದಿಂದ ಬಂದ ಹಳೆಯ ಪತ್ರಗಳು ಇವೆಲ್ಲ ಟ್ರಂಕಿನ ತಳದಲ್ಲಿವೆ. ಗೆದ್ದಲಿಗೂ ಮಳೆಗಾಲದ ತೇವಕ್ಕೂ ಇವು ಸುಲಭದ ತುತ್ತು. ತಾಳೆಗರಿಯಷ್ಟು ಕಾಲ ನೋಟುಪುಸ್ತಕದ ಅಗ್ಗದ ಕಾಗದ ಬಾಳುವುದಿಲ್ಲ. ಮನೆಯ ಟ್ಯಾಬ್ಲೆಟ್ಟಿಗೆ ಮೊದಲನೆಯ ಕಾಯಕವಾಗಿ ಈ ಕಾಗದಗಳ ಪ್ರತಿ ತೆಗೆಯುವುದನ್ನೇ ವಹಿಸಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಬರಿಯ ಫೋಟೋ ತೆಗೆಯುವುದಕ್ಕೂ ಸ್ಕ್ಯಾನ್ ಮಾಡುವುದಕ್ಕೂ ವ್ಯತ್ಯಾಸವಿದೆ. ಸ್ಕ್ಯಾನ್ ಮಾಡುವಾಗ ಯಂತ್ರವು ಕಾಗದದ ನಾಲ್ಕು ಅಂಚುಗಳನ್ನು ತಾನೇ ಗುರುತಿಸಿ, ಓರೆಯಾದುದನ್ನು ನೆಟ್ಟಗೆ ಮಾಡಿ, ಹಲವು ಪುಟಗಳನ್ನು ಸೇರಿಸಿ ಒಂದೇ ಕಡತವಾಗಿ ಕಟ್ಟಿಕೊಡುತ್ತದೆ. ಐಪ್ಯಾಡಿನ ನೋಟ್ಸ್ ಎಂಬ ಆ್ಯಪಿನಲ್ಲಿ ಈ ಸೌಲಭ್ಯವು 2017ರಿಂದ ಇದೆ. ಆಂಡ್ರಾಯ್ಡಿನಲ್ಲಿ ಗೂಗಲ್ ಡ್ರೈವ್ ಆ್ಯಪಿನಲ್ಲಿದೆ. ಕಾಗದವನ್ನು ಬೆಳಿಗ್ಗೆ ಕಿಟಕಿಯ ಬಳಿ ನೆಲದ ಮೇಲೆ ಕಪ್ಪು ಬಟ್ಟೆ ಹಾಸಿ ಇಡಬೇಕು. ಫ್ಲ್ಯಾಷ್ ಬೆಳಕು ಬೇಡ. ನಮ್ಮ ತಲೆಯ ನೆರಳು ಕಾಗದದ ಮೇಲೆ ಬೀಳದಂತೆ ನಿಲ್ಲಬೇಕು. ಹೊಲಿಗೆ ಬಿಟ್ಟ ಹಳೆಯ ಪುಸ್ತಕವನ್ನು ಬಲವಂತವಾಗಿ ಅಗಲಿಸಬಾರದು; ಒಂದೊಂದೇ ಪುಟವನ್ನು ತೆಗೆಯಬೇಕು. ಬರೆಯದ ಪುಟವೆಂದು ಹಿಂಬದಿಯನ್ನು ಬಿಡಬಾರದು. ಕ್ರಯಪತ್ರದ ಹಿಂಬದಿಯಲ್ಲಿಯೇ ಎಷ್ಟೋ ವೇಳೆ ಮುದ್ರೆ, ಸಹಿಗಳಿರುತ್ತವೆ.

ಪ್ರತಿ ತೆಗೆದ ಕೂಡಲೆ ಹೆಸರಿಡಬೇಕು. ಇದನ್ನು ಅಲಕ್ಷ್ಯ ಮಾಡಿದರೆ ಎಲ್ಲ ಶ್ರಮವೂ ವ್ಯರ್ಥ. ಯಂತ್ರವು ತಾನಾಗಿ ಇಡುವ ಹೆಸರು ತಾರೀಖು, ಅಂಕಿಗಳ ಒಂದು ಸಾಲು. ಆರು ತಿಂಗಳ ಮೇಲೆ ಅದರಿಂದ ಯಾವುದನ್ನೂ ಗುರುತಿಸಲಾಗುವುದಿಲ್ಲ. ಮೊದಲು ಇಸವಿ, ಅನಂತರ ವಿಷಯ, ಕೊನೆಗೆ ಸಂಬಂಧಪಟ್ಟವರು ಎಂದು ಕನ್ನಡದಲ್ಲಿಯೇ ಬರೆಯಿರಿ. ‘1974 ಕೆರೆಹೊಲ ಕ್ರಯಪತ್ರ ಅಜ್ಜ’ ಎಂದರೆ ಮೊಮ್ಮಕ್ಕಳಿಗೂ ತಿಳಿಯುತ್ತದೆ. ಪ್ರತಿ ಬಂದಿತೆಂದು ಮೂಲವನ್ನು ಎಸೆಯಲಾಗದು. ಕಾನೂನಿಗೆ ಮೂಲವೇ ಬೇಕು. ಅಜ್ಜಿಯ ಕೈಬರಹಕ್ಕೆ ಬೆಲೆ ಕಟ್ಟಲಾಗುವುದೇ ಇಲ್ಲ.

ಇಲ್ಲಿ ಇನ್ನೊಂದು ಎಚ್ಚರಿಕೆ. ಸಂಘ ಸಂಸ್ಥೆಗಳವರು ಹಿಂದೆ ನುಡಿ ಅಥವಾ ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿಟ್ಟ ಕಡತಗಳನ್ನು ಟ್ಯಾಬ್ಲೆಟ್ಟಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣಿಸುತ್ತದೆ. ಕಡತ ಕೆಟ್ಟಿತೆಂದು ಭಾವಿಸಿ ಅಳಿಸಿ ಹಾಕಿದವರೂ ಉಂಟು. ಅದು ಕೆಟ್ಟಿಲ್ಲ. ಆ ಹಳೆಯ ಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂಡಿಸಿದ್ದವು. ಇಂದಿನ ಯಂತ್ರಗಳು ಯೂನಿಕೋಡ್ ಎಂಬ ಸರ್ವಸಾಮಾನ್ಯ ಸಂಕೇತವನ್ನು ಮಾತ್ರ ಬಲ್ಲವು. ಗಣಕ ಬಲ್ಲ ಯುವಕರಿಗೆ ಕೊಟ್ಟರೆ ಪರಿವರ್ತಕ ತಂತ್ರಾಂಶದ ಮೂಲಕ ಅದನ್ನು ಯೂನಿಕೋಡಿಗೆ ತಂದುಕೊಡುವರು.

ಕಂಠದಲ್ಲಿರುವ ಸಂಪತ್ತು

ಕಾಗದದಲ್ಲಿ ಇಲ್ಲದ ಸಂಪತ್ತು ಇನ್ನೂ ದೊಡ್ಡದು. ಬೀಸುವ ಕಲ್ಲಿನ ಹಾಡು, ತೊಟ್ಟಿಲ ಹಾಡು, ಸೋಬಾನೆ, ಮನೆಯಲ್ಲಿ ಪರಂಪರೆಯಿಂದ ಬಂದ ವಚನಗಳ ಧಾಟಿ, ಇವು ಹಿರಿಯ ತಾಯಂದಿರ ಕಂಠದಲ್ಲಿವೆ. ಪದವನ್ನು ಬರೆದಿಡಬಹುದು, ಧಾಟಿಯನ್ನು ಬರೆದಿಡಲಾಗದು. ಅದಕ್ಕೆ ದನಿಮುದ್ರಣವೇ ಬೇಕು. ಟ್ಯಾಬ್ಲೆಟ್ಟಿನಲ್ಲಿ ದನಿ ಹಿಡಿಯುವ ಆ್ಯಪು ಇದ್ದೇ ಇರುತ್ತದೆ. ಫ್ಯಾನು, ಟಿ.ವಿ. ನಿಲ್ಲಿಸಿ, ಯಂತ್ರವನ್ನು ಒಂದು ಮೊಳ ದೂರದಲ್ಲಿಟ್ಟು, ಮೊದಲು ಹಾಡುವವರ ಹೆಸರು, ಊರು, ಯಾರಿಂದ ಕಲಿತದ್ದು, ಇಂದಿನ ತಾರೀಖು ಇವನ್ನು ಬಾಯಿಂದಲೇ ಹೇಳಿಸಬೇಕು. ಹಾಗೆ ಮಾಡಿದರೆ ಆ ವಿವರವು ಹಾಡಿನಿಂದ ಎಂದೂ ಬೇರೆಯಾಗುವುದಿಲ್ಲ.

ಭಕ್ತರೊಬ್ಬರ ಮನೆಯಲ್ಲಿ ನಾವು ಈ ಮಾತನ್ನು ಹೇಳಿದಾಗ ಆ ಮನೆಯ ಹಿರಿಯ ತಾಯಿಯವರು, “ಗುರುಗಳೇ, ನನ್ನ ದನಿ ಈಗ ಒಡೆದು ಹೋಗಿದೆ. ಇದನ್ನು ಯಾರು ಕೇಳುವರು?” ಎಂದರು. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು, “ನಾನು ಕೇಳುತ್ತೇನೆ, ಅಮ್ಮಾ” ಎಂದಳು. ಇಷ್ಟು ಸಾಕು. ದನಿ ಒಡೆದಿದ್ದರೂ ಧಾಟಿ ಒಡೆದಿರುವುದಿಲ್ಲ. ಆದರೆ ಹಾಡಿದವರ ಒಪ್ಪಿಗೆಯಿಲ್ಲದೆ ಅದನ್ನು ಊರಿಗೆಲ್ಲ ಹಂಚಬಾರದು. ಮನೆಯ ಹಾಡಿಗೆ ಮನೆಯ ಮರ್ಯಾದೆ ಇರಬೇಕು.

ಒಂದೇ ಹಲಗೆ, ಎರಡು ಪುಟ

ಟ್ಯಾಬ್ಲೆಟ್ಟಿನ ಪರದೆಯು ಫೋನಿಗಿಂತ ಅಗಲ. ಆ ಅಗಲದ ನಿಜವಾದ ಪ್ರಯೋಜನವೆಂದರೆ ಎರಡು ಆ್ಯಪುಗಳನ್ನು ಅಕ್ಕಪಕ್ಕದಲ್ಲಿ ತೆರೆದಿಡುವುದು. ಅನೇಕರಿಗೆ ಇದು ಸಾಧ್ಯವೆಂಬುದೇ ತಿಳಿಯದು. ಬಹುತೇಕ ಆಂಡ್ರಾಯ್ಡ್ ಯಂತ್ರಗಳಲ್ಲಿ ಇತ್ತೀಚೆಗೆ ತೆರೆದ ಆ್ಯಪುಗಳ ಸಾಲಿಗೆ ಹೋಗಿ ಆ್ಯಪಿನ ಚಿಹ್ನೆಯನ್ನು ಒತ್ತಿದರೆ ಪರದೆಯನ್ನು ಇಬ್ಭಾಗಿಸುವ ಸೂಚನೆ ಕಾಣುತ್ತದೆ. ಐಪ್ಯಾಡಿನಲ್ಲಿ ಕ್ರಮವು ಬೇರೆ, ಆವೃತ್ತಿಯಿಂದ ಆವೃತ್ತಿಗೂ ಬದಲಾಗಿದೆ. ಮಕ್ಕಳಿಂದ ಒಮ್ಮೆ ತೋರಿಸಿಕೊಂಡರೆ ಸಾಕು.

ವಚನಾಧ್ಯಯನ ಮಾಡುವವರು ಎಡಕ್ಕೆ ವಚನದ ಗ್ರಂಥವನ್ನೂ ಬಲಕ್ಕೆ ಟಿಪ್ಪಣಿಯ ಪುಟವನ್ನೂ ಇಟ್ಟುಕೊಳ್ಳಬಹುದು. ‘ವಚನ ಸಂಚಯ’ದಂತಹ ಪ್ರಯತ್ನಗಳು ವಚನಗಳನ್ನು ಪದದ ಮೂಲಕ ಹುಡುಕುವ ದಾರಿಯನ್ನು ತೆರೆದವು. ಹಿಂದೆ ಒಂದು ಪದದ ಪ್ರಯೋಗಗಳನ್ನು ಹುಡುಕಲು ಸಂಪುಟದ ಮೇಲೆ ಸಂಪುಟವನ್ನು ತಿರುವಬೇಕಾಗಿತ್ತು. ಆದರೆ ಹುಡುಕಿ ತೆಗೆದುದೆಲ್ಲ ಅರಿವಲ್ಲ. ಪದ ಸಿಕ್ಕ ಮೇಲೆ ವಚನವನ್ನು ಪೂರ್ಣವಾಗಿ ಓದಿ, ತನಗೆ ಹೊಳೆದುದನ್ನು ಬಲಬದಿಯ ಪುಟದಲ್ಲಿ ಎರಡು ಸಾಲು ಬರೆದಾಗಲೇ ಅಧ್ಯಯನವು ಆರಂಭವಾಗುತ್ತದೆ.

ದಾಸೋಹದ ಹೊಣೆ ಹೊತ್ತವರಿಗೂ ಇದು ಉಪಯುಕ್ತ. ಎಡಕ್ಕೆ ಕಳೆದ ವರ್ಷದ ಲೆಕ್ಕ, ಬಲಕ್ಕೆ ಈ ವರ್ಷದ ಪಟ್ಟಿ. ಲೆಕ್ಕಕ್ಕೆ ಗೂಗಲ್ ಶೀಟ್ಸ್, ಎಕ್ಸೆಲ್ ಮುಂತಾದ ಕೋಷ್ಟಕದ ಆ್ಯಪುಗಳಿವೆ. ತಲೆಗೆ 150 ಗ್ರಾಂ ಅಕ್ಕಿ, 50 ಗ್ರಾಂ ತೊಗರಿಬೇಳೆ ಎಂದು ಹಿಡಿಯೋಣ. 500 ಜನಕ್ಕೆ 75 ಕಿಲೋ ಅಕ್ಕಿ, 25 ಕಿಲೋ ಬೇಳೆ. ಜನ 800 ಆಗುವರೆಂದು ಹಿಂದಿನ ದಿನ ತಿಳಿದರೆ, ಜನಸಂಖ್ಯೆಯ ಮನೆಯಲ್ಲಿ ಒಂದು ಅಂಕಿಯನ್ನು ಬದಲಿಸಿದ ಕೂಡಲೆ 120 ಕಿಲೋ ಅಕ್ಕಿ, 40 ಕಿಲೋ ಬೇಳೆ ಎಂದು ಕೋಷ್ಟಕವು ತಾನೇ ತೋರಿಸುತ್ತದೆ. ಅದೇ ಕಡತವನ್ನು ಸಮಿತಿಯವರೆಲ್ಲರೂ ನೋಡುವಂತೆ ಹಂಚಿಕೊಳ್ಳಬಹುದು. ನೋಡುವ ಅಧಿಕಾರ ಎಲ್ಲರಿಗೂ, ತಿದ್ದುವ ಅಧಿಕಾರ ಒಬ್ಬಿಬ್ಬರಿಗೆ ಮಾತ್ರ ಎಂದು ಗೊತ್ತುಪಡಿಸಬೇಕು. ಭಕ್ತರ ಒಂದೊಂದು ರೂಪಾಯಿಯ ಲೆಕ್ಕವೂ ಬಯಲಿನಲ್ಲಿದ್ದರೆ ಸಂಶಯಕ್ಕೆ ಎಡೆಯೇ ಇಲ್ಲ. ದಾಸೋಹದಲ್ಲಿ ಅನ್ನ ಎಷ್ಟು ಮುಖ್ಯವೋ ವಿಶ್ವಾಸವೂ ಅಷ್ಟೇ ಮುಖ್ಯ.

ಹೊತ್ತು ನೆನಪಿಸುವ ಸೇವಕ

ಕ್ಯಾಲೆಂಡರ್ ಮತ್ತು ನೆನಪೋಲೆಯ ಸೌಲಭ್ಯಗಳನ್ನು ಔಷಧಿಯ ವೇಳೆ, ವಿದ್ಯುತ್ ಬಿಲ್ಲು, ವಿಮೆಯ ಕಂತು ಇವಕ್ಕೆ ಹಚ್ಚಬೇಕು. ಪ್ರತಿದಿನ, ಪ್ರತಿ ತಿಂಗಳು ಎಂದು ಒಮ್ಮೆ ಹೇಳಿಟ್ಟರೆ ಮತ್ತೆ ಹೇಳಬೇಕಾಗಿಲ್ಲ. ಆದರೆ ಬಸವ ಜಯಂತಿ, ಮನೆಯ ಹಿರಿಯರ ಸ್ಮರಣೆ, ಊರ ಜಾತ್ರೆ ಇವು ತಿಥಿಯನ್ನು ಅನುಸರಿಸುತ್ತವೆ. ಇವನ್ನು ‘ಪ್ರತಿವರ್ಷ’ ಎಂದು ಗೊತ್ತುಪಡಿಸಿದರೆ ಯಂತ್ರವು ಇಂಗ್ಲಿಷ್ ತಾರೀಖನ್ನೇ ಹಿಡಿದು ತಪ್ಪು ದಿನ ನೆನಪಿಸುತ್ತದೆ. ಆದುದರಿಂದ ಯುಗಾದಿಯ ದಿನ ಹೊಸ ಪಂಚಾಂಗವನ್ನು ಮುಂದಿಟ್ಟುಕೊಂಡು ಇಡೀ ವರ್ಷದ ತಿಥಿಗಳನ್ನು ಒಂದೇ ಕುಳಿತದಲ್ಲಿ ತುಂಬಿಬಿಡುವುದು ಸರಿಯಾದ ಕ್ರಮ. ಅರ್ಧ ಗಂಟೆಯ ಈ ಕೆಲಸವನ್ನು ಮನೆಯ ಮಕ್ಕಳ ಕೈಯಿಂದ ಮಾಡಿಸಿದರೆ ಮಾಸ, ಪಕ್ಷ, ತಿಥಿಗಳ ಪರಿಚಯವೂ ಅವರಿಗೆ ಆಗುವುದು.

ಮಿತಿ ಮತ್ತು ಕಾವಲು

ಸೇವಕನು ಯಜಮಾನನಾಗಬಾರದು. ಇಷ್ಟಲಿಂಗ ಪೂಜೆಗೆ ಕುಳಿತಾಗ ಅಂಗೈಯ ಮೇಲಿನ ನೋಟವು ಬೇರೆಲ್ಲಿಯೂ ಹರಿಯಬಾರದು. ಆ ವೇಳೆಗೆ ಡು ನಾಟ್ ಡಿಸ್ಟರ್ಬ್ ಎಂಬ ಸೌಲಭ್ಯವನ್ನು ದಿನನಿತ್ಯವೂ ತಾನಾಗಿ ಜಾರಿಗೆ ಬರುವಂತೆ ಇಡಬಹುದು. ಯಂತ್ರವನ್ನು ಬೇರೆ ಕೋಣೆಯಲ್ಲಿಡುವುದು ಇನ್ನೂ ಶ್ರೇಷ್ಠ. ದಿನಕ್ಕೆ ಎಷ್ಟು ಹೊತ್ತು ಯಾವ ಆ್ಯಪಿನಲ್ಲಿ ಕಳೆಯಿತೆಂಬ ಲೆಕ್ಕವನ್ನು ಯಂತ್ರವೇ ಸೆಟ್ಟಿಂಗ್ಸಿನಲ್ಲಿ ತೋರಿಸುತ್ತದೆ. ವಾರಕ್ಕೊಮ್ಮೆ ಮನೆಯವರೆಲ್ಲರೂ ಕೂಡಿ ಅದನ್ನು ನೋಡಿದರೆ ಉಪದೇಶದ ಅಗತ್ಯವೇ ಬೀಳುವುದಿಲ್ಲ.

ಇಷ್ಟೆಲ್ಲ ಕಾಗದಗಳು ಒಳಗಿರುವಾಗ ಹಲಗೆಗೆ ಬೀಗ ಬೇಕೇ ಬೇಕು. ಗುಪ್ತ ಸಂಖ್ಯೆಯನ್ನು ಹಾಕಿ, ಅದನ್ನು ಮನೆಯ ನಂಬಿಕೆಯ ಒಬ್ಬರಿಗೆ ಮಾತ್ರ ತಿಳಿಸಿಡಿ. ಪೊಲೀಸರೆಂದೋ ಬ್ಯಾಂಕಿನವರೆಂದೋ ಹೇಳಿಕೊಂಡು ವಿಡಿಯೊ ಕರೆ ಮಾಡಿ, ‘ಡಿಜಿಟಲ್ ಬಂಧನ’ ಎಂದು ಹೆದರಿಸಿ ಹಣ ಸುಲಿಯುವ ವಂಚನೆಗಳು ನಡೆದಿವೆ. ನಮ್ಮ ಕಾನೂನಿನಲ್ಲಿ ಅಂತಹ ಬಂಧನವೇ ಇಲ್ಲ. ಹೆದರದೆ ಕರೆಯನ್ನು ಕತ್ತರಿಸಿ, ಹಣ ಹೋಗಿದ್ದರೆ ಒಡನೆಯೇ 1930 ಸಂಖ್ಯೆಗೆ ದೂರು ಕೊಡಬೇಕು.

ಕೊನೆಯದಾಗಿ, ಒಂದು ಸೂಕ್ಷ್ಮ ವಿಷಯ. ಪ್ರತಿ ಮಾಡಿದ ಕಡತಗಳು ನಮ್ಮ ಖಾತೆಯೊಳಗೆ ಶಾಶ್ವತವಾಗಿ ಇರುತ್ತವೆಂದು ಅನೇಕರು ತಿಳಿದಿದ್ದಾರೆ. ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅವುಗಳೊಳಗಿನ ಸಕಲ ಕಡತಗಳೊಡನೆ ಅಳಿಸಬಹುದೆಂಬ ನಿಯಮವನ್ನು ಗೂಗಲ್ ಸಂಸ್ಥೆಯು 2023ರಲ್ಲಿ ಪ್ರಕಟಿಸಿತು. ಯಜಮಾನರು ಲಿಂಗೈಕ್ಯರಾದ ಮೇಲೆ ಖಾತೆಯನ್ನು ಯಾರೂ ತೆರೆಯದಿದ್ದರೆ ಏನಾಗುವುದೆಂದು ಊಹಿಸಿರಿ. ಗೆದ್ದಲು ತಿನ್ನಲು ಹತ್ತಾರು ವರ್ಷ ಬೇಕಾದುದನ್ನು ಇಲ್ಲಿ ಒಂದು ಗಳಿಗೆ ನುಂಗಿಬಿಡುವುದು. ಆದುದರಿಂದ ಕಡತಗಳ ಇನ್ನೊಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಹಾಕಿ ಬೀರುವಿನಲ್ಲಿಡಿ. ಮತ್ತೊಂದನ್ನು ಬೇರೆ ಊರಿನಲ್ಲಿರುವ ಮಗನಿಗೋ ಮಗಳಿಗೋ ಕೊಡಿ. ವಚನಗಳ ಕಟ್ಟುಗಳು ಉಳಿದುದೂ ಹೀಗೆಯೇ. ಒಂದೇ ಮನೆಯಲ್ಲಿ ಇದ್ದುದರಿಂದಲ್ಲ, ಹಲವು ಮನೆಗಳಲ್ಲಿ ಪ್ರತಿಯಾಗಿ ಹರಡಿಕೊಂಡುದರಿಂದ.

ಎಲ್ಲವನ್ನೂ ಒಂದೇ ದಿನ ಕಲಿಯಬೇಕೆಂದು ನಾವು ಹೇಳುತ್ತಿಲ್ಲ. ಮುಂದಿನ ಸಂಚಿಕೆಯು ನಿಮ್ಮ ಕೈ ಸೇರುವುದರೊಳಗಾಗಿ ಎರಡು ಕೆಲಸ ಮಾಡಿರಿ. ಟ್ರಂಕಿನಿಂದ ಒಂದು ಹಳೆಯ ನೋಟುಪುಸ್ತಕವನ್ನು ತೆಗೆದು ಮೊದಲ ಹತ್ತು ಪುಟಗಳ ಪ್ರತಿ ಮಾಡಿ ಹೆಸರಿಡಿ. ಮನೆಯ ಅತ್ಯಂತ ಹಿರಿಯರಿಂದ ಒಂದು ಹಾಡನ್ನೋ ಒಂದು ನೆನಪನ್ನೋ ದನಿಯಲ್ಲಿ ಹಿಡಿದಿಡಿ. ನೋಟುಪುಸ್ತಕವು ಇನ್ನೊಂದು ಮಳೆಗಾಲವನ್ನು ಕಾಯಬಹುದು, ಹಿರಿಯರು ಕಾಯಲಾರರು. ಆದುದರಿಂದ ಎರಡನೆಯದನ್ನೇ ಮೊದಲು ಮಾಡಿರಿ.